ಮುಟ್ಟಿನ ನೋವಿಗೆ ಇಮ್ಯುನಿಟಿ ಪುಡಿ ಮದ್ದಲ್ಲ

ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ಕೂಡಲೇ ಜನ ಸೀದಾ ಆಪರೇಷನ್ ಮಾಡಿದ ವೈದ್ಯರ ಹತ್ತಿರ ಹೋಗುತ್ತಾರೆ. ಅದನ್ನು ಬರೆದ ಪೆಥಾಲಜಿಸ್ಟನ್ನು ಹುಡುಕಿಕೊಂಡು ಬರುವವರು ಕಡಿಮೆ. ಕಳೆದ ಮಳೆಗಾಲದಲ್ಲಿ ಜಗಳೂರು ಕಡೆಯ ತಾಯಿಯೊಬ್ಬರು ದಾವಣಗೆರೆಯ ನಮ್ಮ ಲ್ಯಾಬಿಗೆ ಬಂದು, ನನ್ನನ್ನೇ ಕಾಣಬೇಕೆಂದು ಕೂತರು. ಮಗಳು ಡಿಗ್ರಿ ಓದುತ್ತಿದ್ದಾಳೆ. ಅವಳ ಅಂಡಾಶಯದಿಂದ ತೆಗೆದ ಗಡ್ಡೆಯ ರಿಪೋರ್ಟ್ ಕೈಯಲ್ಲಿತ್ತು. "ಇದರಾಗೆ ಕೊನೇಗೆ ರೋಗದ ವಿರುದ್ಧ ಹೋರಾಡೋ ಕಣದ ಹೆಸರು ಬರ್ದೀರಂತೆ ಮೇಡಂ. ಹಂಗಂದ್ರೆ ನಮ್ಮ ಹುಡುಗಿಗೆ ರೋಗನಿರೋಧಕ ಶಕ್ತಿ ಕಮ್ಮಿ ಅಂತೇನ್ರೀ?" ಎಂದು ಕೇಳಿ, ಚೀಲದಿಂದ ಒಂದು ಡಬ್ಬಿ ತೆಗೆದಿಟ್ಟರು. ಇಮ್ಯುನಿಟಿ ಹೆಚ್ಚಿಸುತ್ತದೆ ಎಂದು ಮಾರುವ ಪುಡಿ. ಎರಡು ಹೊತ್ತೂ ಹಾಲಿಗೆ ಕದಡಿ ಕುಡಿಸುತ್ತಿದ್ದಾರಂತೆ. ಅದರ ಬೆಲೆ ಕೇಳಿ ನನಗೆ ಹೊಟ್ಟೆ ಉರಿಯಿತು. ಅವರ ಮನೆಯ ಹಲವು ದಿನದ ಕೂಲಿ ಅದು.

ಕಮ್ಮಿ ಇಲ್ಲಮ್ಮ ಎಂದೆ. ಆ ಗಡ್ಡೆಯ ಗೋಡೆಯಲ್ಲಿ ನಾನು ಕಂಡ ರೋಗನಿರೋಧಕ ಜೀವಕೋಶಗಳು ರಾಶಿ ರಾಶಿ ಇದ್ದವು. ಕೈಕಟ್ಟಿ ಕೂತಿರಲಿಲ್ಲ, ಹಗಲೂ ರಾತ್ರಿ ದುಡಿಯುತ್ತಿದ್ದವು. ಆದರೆ ಮಾಡಬಾರದ ಜಾಗದಲ್ಲಿ, ಮಾಡಬಾರದ ಕೆಲಸ. ಈ ಸಂಗತಿ ನಮ್ಮ ಮನೆಗಳಿಗೂ ಔಷಧಿ ಅಂಗಡಿಗಳಿಗೂ ಇನ್ನೂ ತಲುಪಿಲ್ಲವೆಂಬ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ.

ಆ ಹುಡುಗಿಗಿದ್ದದ್ದು ಎಂಡೊಮೆಟ್ರಿಯೋಸಿಸ್. ಹೆಸರು ನಾಲಿಗೆಗೆ ತೊಡಕು. ಕಾಯಿಲೆ ಮಾತ್ರ ತೀರಾ ಸಾಮಾನ್ಯ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೇರುಬಿಡುತ್ತದೆ. ಅಂಡಾಶಯದ ಮೇಲೆ, ಹೊಟ್ಟೆಯ ಒಳಪೊರೆಯ ಮೇಲೆ, ಕರುಳು, ಮೂತ್ರಕೋಶದ ಮೇಲೆ, ಎಲ್ಲಿ ಬೇಕಾದರೂ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 10ರಷ್ಟು ಮಂದಿಗೆ, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಜನಕ್ಕೆ ಇದಿದೆ. ಮುಟ್ಟಿನ ದಿನಗಳಲ್ಲಿ ತಡೆಯಲಾಗದ ನೋವು, ಮಲವಿಸರ್ಜನೆಗೆ ಕೂತರೆ ನೋವು, ಗಂಡನ ಜೊತೆ ಸೇರುವಾಗ ನೋವು, ಕೆಲವರಿಗೆ ಬಸಿರು ನಿಲ್ಲುವುದೂ ಕಷ್ಟ. ನೋವು ಶುರುವಾದಾಗಿನಿಂದ ಕಾಯಿಲೆಗೊಂದು ಹೆಸರು ಸಿಗುವ ಹೊತ್ತಿಗೆ ಮುಂದುವರಿದ ದೇಶಗಳಲ್ಲೇ ಏಳೆಂಟು ವರ್ಷ ಕಳೆದಿರುತ್ತದೆ. ನಮ್ಮಲ್ಲಿ "ಎಲ್ಲಾರಿಗೂ ಇರೋದೇ, ಹಲ್ಲು ಕಚ್ಚಿಕೊಂಡಿರು" ಎನ್ನುವವರು ಮನೆಯಲ್ಲೇ ಇರುವಾಗ ಆ ಲೆಕ್ಕ ಇನ್ನೂ ಉದ್ದವಾದರೆ ಆಶ್ಚರ್ಯವಿಲ್ಲ.

ಈ ಕಾಯಿಲೆಯಿಂದ ಅಂಡಾಶಯದಲ್ಲಿ ಬೆಳೆದ ಗಡ್ಡೆಯನ್ನು ನಾವು ಚಾಕೊಲೇಟ್ ಸಿಸ್ಟ್ ಎನ್ನುತ್ತೇವೆ. ಫಾರ್ಮಲಿನ್ ಡಬ್ಬಿಯಲ್ಲಿ ಅದು ಒಡೆಯದೆ ಬಂದಿದ್ದರೆ, ಬ್ಲೇಡ್ ತಗುಲಿದ ಕೂಡಲೇ ಗಟ್ಟಿ ಕಂದು ದ್ರವ ಹಲಗೆಯ ಮೇಲೆ ಹರಿಯುತ್ತದೆ. ತಿಂಗಳು ತಿಂಗಳು ಒಳಗೇ ಸುರಿದು, ಹೊರಹೋಗಲು ದಾರಿ ಸಿಗದೆ ಹಳತಾದ ರಕ್ತ ಅದು. ಗಡ್ಡೆಯ ಒಳಮೈಗೆ ತುಕ್ಕಿನ ಬಣ್ಣ. ಅದರ ತುಣುಕನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಸೀಳಿ, ಗುಲಾಬಿ ನೇರಳೆ ಬಣ್ಣ ಕಟ್ಟಿ ಮೈಕ್ರೋಸ್ಕೋಪಿನ ಕೆಳಗಿಟ್ಟು ಮೂರನ್ನು ಹುಡುಕುತ್ತೇವೆ: ಗರ್ಭಕೋಶದ ಒಳಪದರದಂಥ ಗ್ರಂಥಿಗಳು, ಅವನ್ನು ಸುತ್ತುವರಿದ ಸ್ಟ್ರೋಮಾ ಎಂಬ ಆಧಾರ ಅಂಗಾಂಶ, ಮತ್ತು ಒಡಲ ತುಂಬ ಹೊನ್ನಗಂದು ಕಣಗಳನ್ನು ತುಂಬಿಕೊಂಡ ದೊಡ್ಡ ದೊಡ್ಡ ಜೀವಕೋಶಗಳು. ಈ ಮೂರನೆಯವೇ ಮ್ಯಾಕ್ರೋಫೇಜ್‌ಗಳು. ಸತ್ತ ಕಣ, ಕಸ, ಕ್ರಿಮಿಗಳನ್ನು ನುಂಗಿ ಹಾಕುವ ರೋಗನಿರೋಧಕ ಜೀವಕೋಶಗಳು. ಇಲ್ಲಿ ಅವು ಹಳೆಯ ರಕ್ತವನ್ನು ನುಂಗಿ, ಅದರ ಕಬ್ಬಿಣವನ್ನು ಒಳಗೆ ಇಟ್ಟುಕೊಂಡಿರುತ್ತವೆ. ಪರ್ಲ್ಸ್ ಎಂಬ ಬಣ್ಣ ಹಾಕಿದರೆ ಆ ಕಂದು ಕಣಗಳು ಕಡುನೀಲಿಗೆ ತಿರುಗುತ್ತವೆ; ಕಬ್ಬಿಣವೇ ಎಂಬುದಕ್ಕೆ ಅದು ಸಾಕ್ಷಿ. ಮೂರರಲ್ಲಿ ಎರಡು ಸಿಕ್ಕರೆ ರೋಗ ಖಚಿತ ಎನ್ನುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಎಷ್ಟೋ ಹಳೆಯ ಸಿಸ್ಟ್‌ಗಳಲ್ಲಿ ಗ್ರಂಥಿಗಳು ಸವೆದು ಅಳಿಸಿಹೋಗಿ, ಮ್ಯಾಕ್ರೋಫೇಜ್‌ಗಳ ದಂಡು ಮಾತ್ರ ಉಳಿದಿರುತ್ತದೆ.

ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬಂದದ್ದು ಹೇಗೆ? 1927ರಲ್ಲಿ ಅಮೆರಿಕದ ಆಲ್ಬನಿ ನಗರದ ಸ್ತ್ರೀರೋಗ ತಜ್ಞ ಜಾನ್ ಸ್ಯಾಂಪ್ಸನ್ ಒಂದು ವಾದ ಮುಂದಿಟ್ಟರು. ಮುಟ್ಟಿನ ರಕ್ತದಲ್ಲಿ ಸ್ವಲ್ಪ ಭಾಗ ಅಂಡನಾಳಗಳ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುತ್ತದೆ, ಅದರ ಜೊತೆ ಹೋದ ಒಳಪದರದ ಜೀವಕೋಶಗಳು ಅಲ್ಲೇ ನೆಲೆಯೂರುತ್ತವೆ ಎಂದು. ಇಂದಿಗೂ ಹೆಚ್ಚಿನವರು ಒಪ್ಪುವ ವಿವರಣೆ ಇದೇ. ಆದರೆ 1984ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಹಿಮ್ಮುಖ ಹರಿವು, ಅಂಡನಾಳ ತೆರೆದಿರುವ ಹೆಂಗಸರಲ್ಲಿ ಶೇ 90ರಷ್ಟು ಮಂದಿಯಲ್ಲಿ ಇರುತ್ತದೆ ಎಂದು ತೋರಿಸಿತು. ಹೆಚ್ಚುಕಡಿಮೆ ಎಲ್ಲರಿಗೂ ಆಗುವಂಥದ್ದು ಹತ್ತರಲ್ಲಿ ಒಬ್ಬಳಿಗೆ ಮಾತ್ರ ಕಾಯಿಲೆಯಾಗುವುದೇಕೆ? ವಂಶವಾಹಿಗಳ ಪಾತ್ರವಿದೆ. 2023ರ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನ ನಮ್ಮ ಜೀನೋಮಿನ 42 ತಾಣಗಳನ್ನು ಈ ರೋಗದೊಂದಿಗೆ ಜೋಡಿಸಿತು. ಈಸ್ಟ್ರೋಜನ್ ಹಾರ್ಮೋನಿನ ಪಾತ್ರವಂತೂ ಇದ್ದೇ ಇದೆ. ಇವೆರಡರ ಜೊತೆಗೆ, ಹೊಟ್ಟೆಯೊಳಗೆ ಬಿದ್ದ ಜೀವಕೋಶಗಳನ್ನು ಕಂಡಾಗ ಅಲ್ಲಿನ ರೋಗನಿರೋಧಕ ವ್ಯವಸ್ಥೆ ಏನು ಮಾಡುತ್ತದೆ ಎಂಬುದೇ ಇಂದಿನ ಸಂಶೋಧನೆಯ ದೊಡ್ಡ ಪ್ರಶ್ನೆ.

ಪ್ರತಿ ತಿಂಗಳು ಮುಟ್ಟು ಮುಗಿಯುವಾಗ ಗರ್ಭಕೋಶದ ಒಳಮೈ ಹಸಿ ಗಾಯದಂತಿರುತ್ತದೆ. ಕೆಲವೇ ದಿನಗಳಲ್ಲಿ ಅದು ಕಲೆ ಉಳಿಯದಂತೆ ಮಾಗುತ್ತದೆ. ಉದುರಿದ್ದನ್ನು ತೆಗೆದು, ಹೊಸ ರಕ್ತನಾಳ ಮೂಡಿಸಿ, ಪದರ ಮತ್ತೆ ಕಟ್ಟಲು ನೆರವಾಗುವವರಲ್ಲಿ ಮ್ಯಾಕ್ರೋಫೇಜ್‌ಗಳೂ ಸೇರಿವೆ. ತಾಯಂದಿರ ಮೈಯಲ್ಲಿ ತಿಂಗಳು ತಪ್ಪದೆ ನಡೆಯುವ ಈ ದುರಸ್ತಿಗಿಂತ ಅಚ್ಚರಿಯದನ್ನು ನಾನು ಮೈಕ್ರೋಸ್ಕೋಪಿನಲ್ಲಿ ಕಂಡಿಲ್ಲ. ಎಂಡೊಮೆಟ್ರಿಯೋಸಿಸ್‌ನಲ್ಲಿ ಇದೇ ದುರಸ್ತಿ ಕೆಲಸ ಗರ್ಭಕೋಶದ ಹೊರಗೆ, ಬೇಡದ ಜಾಗದಲ್ಲಿ ನಡೆಯುತ್ತದೆ. ಮ್ಯಾಕ್ರೋಫೇಜ್‌ಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಸುರಿಸಿ ಆ ಅಂಗಾಂಶಕ್ಕೆ ರಕ್ತನಾಳಗಳನ್ನು ಕರೆತರುತ್ತವೆ, ಬೇರೆ ಕೆಲವು ಪ್ರೋಟೀನುಗಳನ್ನು ಸುರಿಸಿ ನರದ ಎಳೆಗಳನ್ನೂ ಎಳೆತರುತ್ತವೆ. ಅಕ್ರಮವಾಗಿ ಎದ್ದ ಮನೆಯನ್ನು ಕೆಡವಲು ಬಂದವರೇ ಅದಕ್ಕೆ ನಲ್ಲಿ ನೀರು, ಕರೆಂಟ್ ಕನೆಕ್ಷನ್ ಕೊಟ್ಟು ಹೋದ ಹಾಗಾಯಿತು. ಆಮೇಲೆ ಅದು ಬೀಳುವುದು ಸುಲಭವಲ್ಲ.

ಎಲ್ಲ ಮ್ಯಾಕ್ರೋಫೇಜ್‌ಗಳೂ ಹೀಗೇ ಎನ್ನಲಾಗದು. ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾಲಯದ ಎರಿನ್ ಗ್ರೀವ್ಸ್ ಮತ್ತು ಸಂಗಡಿಗರು 2021ರಲ್ಲಿ ಇಲಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಎರಡು ಮೂಲದ ಮ್ಯಾಕ್ರೋಫೇಜ್‌ಗಳು ಎರಡು ಬಗೆಯಾಗಿ ನಡೆದುಕೊಂಡವು. ಒಳಪದರದ ಜೊತೆಗೇ ಬಂದವು ರೋಗ ಬೆಳೆಯಲು ನೆರವಾದವು. ರಕ್ತದಿಂದ ಹೊಟ್ಟೆಯೊಳಗೆ ಬಂದು ಸೇರಿದವು ಅದನ್ನು ತಡೆದವು. ಒಂದೇ ಹೆಸರಿನ ಜೀವಕೋಶ, ಎರಡು ನಡತೆ.

ನೋವಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನಗೆ ಇದೇ ಮುಖ್ಯ. ಹೊಟ್ಟೆಯೊಳಗೆ ಸಾಸಿವೆ ಕಾಳಿನಷ್ಟು ಕಲೆಗಳು ಮಾತ್ರ ಇರುವ ಹುಡುಗಿ ನೋವಿಗೆ ನೆಲದ ಮೇಲೆ ಹೊರಳಾಡುತ್ತಾಳೆ. ದೊಡ್ಡ ಸಿಸ್ಟ್ ಇರುವ ಇನ್ನೊಬ್ಬಳಿಗೆ ಅಷ್ಟು ನೋವೇ ಇರುವುದಿಲ್ಲ. ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದಾಗ "ಏನಿಲ್ಲ ಹೋಗು, ನಾಟಕ ಆಡ್ತಿದೀಯ" ಎನ್ನಿಸಿಕೊಂಡ ಎಷ್ಟು ಹುಡುಗಿಯರು ನಮ್ಮೂರುಗಳಲ್ಲಿ ಇದ್ದಾರೋ! ಗಾತ್ರಕ್ಕೂ ನೋವಿಗೂ ಹೊಂದಾಣಿಕೆ ಇಲ್ಲದ್ದಕ್ಕೆ ಒಂದು ಕಾರಣವನ್ನು ರೋಗನಿರೋಧಕ ಜೀವಕೋಶಗಳೇ ತೋರಿಸುತ್ತಿವೆ. ಗ್ರೀವ್ಸ್ ಅವರ ಬಳಗವೇ 2019ರಲ್ಲಿ, ಮ್ಯಾಕ್ರೋಫೇಜ್‌ಗಳು ಸುರಿಸುವ ಐಜಿಎಫ್-1 ಎಂಬ ಪ್ರೋಟೀನ್ ನರಗಳನ್ನು ಬೆಳೆಸಿ, ಚುರುಕಾಗಿಸಿ ನೋವು ಹೆಚ್ಚಿಸುತ್ತದೆ ಎಂದು ಪ್ರಾಣಿಗಳಲ್ಲಿ ತೋರಿಸಿತು. 2024ರಲ್ಲಿ ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಂಶೋಧಕರು ಇದರ ಮತ್ತೊಂದು ಮುಖ ಕಂಡರು. ನೋವಿನ ನರಗಳು ಸಿಜಿಆರ್‌ಪಿ ಎಂಬ ರಾಸಾಯನಿಕದ ಮೂಲಕ ಮ್ಯಾಕ್ರೋಫೇಜ್‌ಗಳಿಗೆ ಸುದ್ದಿ ಮುಟ್ಟಿಸುತ್ತವೆ. ಸುದ್ದಿ ಸಿಕ್ಕ ಮ್ಯಾಕ್ರೋಫೇಜ್‌ಗಳು ರೋಗದ ಅಂಗಾಂಶವನ್ನು ಇನ್ನಷ್ಟು ಬೆಳೆಸುತ್ತವೆ. ಮೈಗ್ರೇನ್ ತಲೆನೋವಿಗೆ ಈಗಾಗಲೇ ಬಳಕೆಯಲ್ಲಿರುವ, ಸಿಜಿಆರ್‌ಪಿ ತಡೆಯುವ ಔಷಧಗಳನ್ನು ಕೊಟ್ಟಾಗ ಇಲಿಗಳಲ್ಲಿ ನೋವು ಇಳಿಯಿತು. ಇಲಿಗೆ ಮುಟ್ಟು ಬರುವುದಿಲ್ಲ, ಅಲ್ಲಿ ಕಂಡದ್ದೆಲ್ಲ ನಮಗೆ ಹಾಗೆಯೇ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಆದರೂ ನೋವು ಆ ಹುಡುಗಿಯ ಮನಸ್ಸಿನ ಸೃಷ್ಟಿಯಲ್ಲ ಎನ್ನಲು ಇಷ್ಟು ಸಾಕು.

ರೋಗನಿರೋಧಕ ಪಡೆಯಲ್ಲಿ ಮಂಕಾದವರೂ ಇದ್ದಾರೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನ್ಯಾಚುರಲ್ ಕಿಲ್ಲರ್ ಎಂಬ ಜೀವಕೋಶಗಳ ಕೆಲಸವೇ ದಾರಿ ತಪ್ಪಿದ ಜೀವಕೋಶಗಳನ್ನು ಕೊಲ್ಲುವುದು. ಈ ಕಾಯಿಲೆ ಇರುವ ಹೆಂಗಸರಲ್ಲಿ ಅವುಗಳ ಕೊಲ್ಲುವ ಶಕ್ತಿ ಕುಂದಿರುತ್ತದೆ ಎಂದು ಬೆಲ್ಜಿಯಂನ ಲ್ಯೂವೆನ್ ಸಂಶೋಧಕರು 1991ರಲ್ಲೇ ತೋರಿಸಿದ್ದರು. ಇತ್ತ ಮಾಸ್ಟ್ ಜೀವಕೋಶಗಳು ನರಗಳ ಪಕ್ಕದಲ್ಲೇ ಬೀಡುಬಿಟ್ಟು ಉರಿಯೂತದ ರಾಸಾಯನಿಕ ಚೆಲ್ಲುತ್ತಿರುತ್ತವೆ. ಒಂದು ಕಡೆ ಅತಿ, ಇನ್ನೊಂದು ಕಡೆ ಕೊರತೆ. ಇಂಥ ಜಾಗಕ್ಕೆ "ಶಕ್ತಿ ಹೆಚ್ಚಿಸುವ" ಪುಡಿ ಏನು ಮಾಡೀತು? ಯಾವ ಜೀವಕೋಶದ ಶಕ್ತಿ ಹೆಚ್ಚಿಸಬೇಕು, ರಕ್ತನಾಳ ಕಟ್ಟುತ್ತಿರುವ ಮ್ಯಾಕ್ರೋಫೇಜಿನದೇ? ಡಬ್ಬಿಯ ಮೇಲೆ ಅದರ ಉತ್ತರವಿಲ್ಲ. ಕೊರೊನಾ ಕಾಲದಿಂದ ಈಚೆಗೆ ಇಮ್ಯುನಿಟಿ ಎಂಬ ಪದವಿದ್ದರೆ ಸಾಕು ಯಾವ ಡಬ್ಬಿಯೂ ಮಾರಾಟವಾಗುತ್ತದೆ. ನೋವಿನಿಂದ ಬಳಲುವ ಮಗಳಿಗಾಗಿ ತಾಯಿ ಏನನ್ನಾದರೂ ಕೊಳ್ಳುತ್ತಾಳೆ ಎಂಬುದನ್ನು ಬಂಡವಾಳ ಮಾಡಿಕೊಳ್ಳುವುದು ಅನ್ಯಾಯ.

ಹಾಗಾದರೆ ರೋಗನಿರೋಧಕ ಶಕ್ತಿಯನ್ನು ಅಡಗಿಸಿಬಿಟ್ಟರೆ? ಅದನ್ನೂ ಮಾಡಿ ನೋಡಿದ್ದಾರೆ. ಸಂಧಿವಾತಕ್ಕೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧವನ್ನು, ಆಳವಾಗಿ ಬೇರುಬಿಟ್ಟ ಎಂಡೊಮೆಟ್ರಿಯೋಸಿಸ್ ಇದ್ದ ಹೆಂಗಸರಿಗೆ ಕೊಟ್ಟು ನೋಡಿದ ಸಣ್ಣ ಪ್ರಯೋಗದ ಫಲಿತಾಂಶ 2008ರಲ್ಲಿ ಬಂತು. ನೋವು ಕಡಿಮೆಯಾಗಲಿಲ್ಲ. ಬೇಕಿರುವುದು ಯಾವ ಜೀವಕೋಶ, ಯಾವ ಹಂತ, ಯಾವ ಸಂದೇಶ ಎಂದು ಗುರಿ ನೋಡಿ ಹೊಡೆಯುವ ಔಷಧ. ಜಪಾನಿನಲ್ಲಿ ಐಎಲ್-8 ಎಂಬ ಉರಿಯೂತದ ಸಂದೇಶವನ್ನು ತಡೆಯುವ ಪ್ರತಿಕಾಯವನ್ನು ಕೋತಿಗಳಿಗೆ ಕೊಟ್ಟಾಗ ಗಂಟುಗಳು ಕುಗ್ಗಿ, ನಾರುಗಟ್ಟುವುದು ತಗ್ಗಿತು ಎಂಬ ವರದಿ 2023ರಲ್ಲಿ ಬಂದಿದೆ. ಆ ದಾರಿ ನನಗೆ ಭರವಸೆ ಕೊಡುತ್ತದೆ.

ಅದೇ ವರ್ಷ ಜಪಾನಿನದೇ ನಗೋಯಾ ವಿಶ್ವವಿದ್ಯಾಲಯದಿಂದ ಬಂದ ಇನ್ನೊಂದು ಸುದ್ದಿಯನ್ನು ಎಚ್ಚರಿಕೆಯಿಂದ ಹೇಳಬೇಕು. ಎಂಡೊಮೆಟ್ರಿಯೋಸಿಸ್ ಇದ್ದ ಹೆಂಗಸರಲ್ಲಿ ಶೇ 64ರಷ್ಟು ಮಂದಿಯ ಗರ್ಭಕೋಶದ ಒಳಪದರದಲ್ಲಿ ಫ್ಯುಸೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಕಾಯಿಲೆ ಇಲ್ಲದವರಲ್ಲಿ ಶೇ 10ಕ್ಕಿಂತ ಕಡಿಮೆ. ಈ ಬ್ಯಾಕ್ಟೀರಿಯಾಕ್ಕೆ ಮ್ಯಾಕ್ರೋಫೇಜ್‌ಗಳು ತೋರುವ ಪ್ರತಿಕ್ರಿಯೆಯೇ ರೋಗಕ್ಕೆ ನೆಲ ಹದ ಮಾಡುತ್ತದೆಂದು ಆ ತಂಡದ ತರ್ಕ. ಇದನ್ನು ಓದಿ ಯಾರೂ ಔಷಧಿ ಅಂಗಡಿಯಲ್ಲಿ ಆ್ಯಂಟಿಬಯಾಟಿಕ್ ಕೇಳಿ ಕೊಳ್ಳಬೇಡಿ. ಮನುಷ್ಯರಲ್ಲಿ ಅದು ಚಿಕಿತ್ಸೆಯೆಂದು ಸಾಬೀತಾಗಿಲ್ಲ.

ಇನ್ನು ಗರ್ಭಕೋಶ ತೆಗೆಸುವ ಮಾತು. ಮೂವತ್ತೈದು ದಾಟದ ಹೆಂಗಸರ ಗರ್ಭಕೋಶಗಳು ಫಾರ್ಮಲಿನ್ ಡಬ್ಬಿಯಲ್ಲಿ ನನ್ನ ಮೇಜಿಗೆ ಬರುತ್ತವೆ. ಜೊತೆಗಿರುವ ಚೀಟಿಯಲ್ಲಿ "ಹೊಟ್ಟೆನೋವು" ಎಂದಷ್ಟೇ ಬರೆದಿರುತ್ತದೆ. ಸೀಳಿ, ಬಣ್ಣ ಹಾಕಿ, ಇಂಚಿಂಚೂ ನೋಡಿದರೂ ಅದರಲ್ಲಿ ರೋಗವಿಲ್ಲ. ಆರೋಗ್ಯವಾಗಿದ್ದ ಅಂಗ. ಆಗ ರಿಪೋರ್ಟ್ ಟೈಪು ಮಾಡುವ ಕೈ ತಡೆಯುತ್ತದೆ. ಹಾವೇರಿ, ಕಲಬುರಗಿ ಜಿಲ್ಲೆಗಳಲ್ಲಿ ಬಡ ಹೆಂಗಸರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ಪ್ರಕರಣಗಳು ನಮ್ಮ ಪತ್ರಿಕೆಗಳಲ್ಲೇ ಬಂದಿದ್ದವು; 2023ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕೆಂದು ಹೇಳಿತು. ಎಂಡೊಮೆಟ್ರಿಯೋಸಿಸ್ ಇರುವವಳ ಗರ್ಭಕೋಶ ತೆಗೆದರೂ, ಹೊಟ್ಟೆಯ ಒಳಪೊರೆಯ ಮೇಲಿನ ಅಂಗಾಂಶ, ಅದನ್ನು ಸಾಕುತ್ತಿರುವ ಮ್ಯಾಕ್ರೋಫೇಜ್‌ಗಳು, ಅಲ್ಲಿಗೆ ಬೆಳೆದ ನರಗಳು ಅಲ್ಲೇ ಉಳಿಯುತ್ತವೆ. ಕೆಲವರಿಗೆ, ಎಲ್ಲ ದಾರಿ ಮುಗಿದ ಮೇಲೆ, ಈ ಶಸ್ತ್ರಚಿಕಿತ್ಸೆಯಿಂದ ಉಪಕಾರವಾಗುವುದುಂಟು. ಮೊದಲ ಮದ್ದಾಗಿ ಅದನ್ನು ಹೇಳುವುದು ತಪ್ಪು. "ಮದುವೆ ಮಾಡಿ, ಒಂದು ಮಗು ಆದ್ರೆ ಸರಿಹೋಗುತ್ತೆ" ಎಂಬ ಸಲಹೆಗೂ ಇದೇ ಮಾತು. ಬಸಿರಿದ್ದಾಗ ಕೆಲವರಿಗೆ ನೋವು ತಗ್ಗಬಹುದು, ಕಾಯಿಲೆ ಹೋಗುವುದಿಲ್ಲ. ಮದ್ದಿನ ಹೆಸರಿನಲ್ಲಿ ಹುಡುಗಿಯ ಓದು ನಿಲ್ಲಿಸಿ ಮದುವೆ ಮಾಡುವುದನ್ನು ನಾನು ಒಪ್ಪಲಾರೆ.

ಇದು ಕೇವಲ ಗರ್ಭಕೋಶದ ಕಾಯಿಲೆ ಎಂಬ ಎಣಿಕೆಯೇ ಇಷ್ಟಕ್ಕೆಲ್ಲ ಬುಡ. ಬ್ರಿಟನ್ನಿನ ದತ್ತಾಂಶ ಬಳಸಿ ಆಕ್ಸ್‌ಫರ್ಡ್ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಈ ಕಾಯಿಲೆ ಇರುವವರಿಗೆ ಸಂಧಿವಾತ, ಸೋರಿಯಾಸಿಸ್‌ನಂಥ ರೋಗನಿರೋಧಕ ವ್ಯವಸ್ಥೆಯ ಕಾಯಿಲೆಗಳು ಬರುವ ಸಂಭವ ಶೇ 30ರಿಂದ 80ರಷ್ಟು ಹೆಚ್ಚು. ಎಲ್ಲರಿಗೂ ಬಂದೇ ಬರುತ್ತದೆ ಎಂದು ಹೆದರಬೇಕಾಗಿಲ್ಲ. ಬಹುಪಾಲು ಮಂದಿಗೆ ಬರುವುದಿಲ್ಲ. ಆದರೆ ಮೂವತ್ತರ ಹೆಂಗಸು ಬೆಳಿಗ್ಗೆ ಬೆರಳ ಗಂಟುಗಳು ಹಿಡಿದುಕೊಂಡಿವೆ ಎಂದು ವೈದ್ಯರಲ್ಲಿಗೆ ಹೋದಾಗ, ಅವಳ ಮುಟ್ಟಿನ ನೋವಿನ ಕಥೆಯನ್ನೂ ಕೇಳಬೇಕು.

ಈಗ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದುಕೊಳ್ಳಬೇಡಿ. ಡೈನೋಜೆಸ್ಟ್‌ನಂಥ ಹಾರ್ಮೋನು ಮಾತ್ರೆಗಳು ನಮ್ಮ ಊರುಗಳಲ್ಲೇ ಸಿಗುತ್ತವೆ, ಎಷ್ಟೋ ಜನರ ನೋವನ್ನು ಹತೋಟಿಗೆ ತರುತ್ತವೆ. ನಿಲ್ಲಿಸಿದರೆ ನೋವು ಮರಳಬಹುದು, ಅಡ್ಡ ಪರಿಣಾಮಗಳೂ ಇವೆ. ವೈದ್ಯರ ನಿಗಾ ಬೇಕು. ನುರಿತವರು ಲ್ಯಾಪ್ರೊಸ್ಕೋಪಿಯಲ್ಲಿ ರೋಗದ ಅಂಗಾಂಶವನ್ನೇ ತೆಗೆಯುತ್ತಾರೆ, ಆದರೂ ಐದು ವರ್ಷದೊಳಗೆ ಅರ್ಧದ ಹತ್ತಿರದಷ್ಟು ಮಂದಿಯಲ್ಲಿ ಅದು ಮರುಕಳಿಸುತ್ತದೆ. ಯುರೋಪಿನ ತಜ್ಞರ 2022ರ ಮಾರ್ಗಸೂಚಿಯಂತೆ, ರೋಗ ಗುರುತಿಸಲು ಎಲ್ಲರಿಗೂ ಲ್ಯಾಪ್ರೊಸ್ಕೋಪಿ ಮಾಡಲೇಬೇಕೆಂದಿಲ್ಲ. ಲಕ್ಷಣ ನೋಡಿ ಮಾತ್ರೆ ಶುರು ಮಾಡಬಹುದು. ತುಣುಕುಗಳನ್ನು ಓದುವುದೇ ನನ್ನ ಕಸುಬು, ಆದರೂ ನನ್ನ ಮೇಜಿಗೆ ತುಣುಕು ಬರುವ ತನಕ ಹುಡುಗಿ ಕಾಯಬೇಕಿಲ್ಲ ಎಂಬ ಈ ಮಾತನ್ನು ಮನಸಾರೆ ಒಪ್ಪುತ್ತೇನೆ. ಶಸ್ತ್ರಚಿಕಿತ್ಸೆ ಮಾಡುವ ನನ್ನ ಸಹೋದ್ಯೋಗಿಗಳಲ್ಲಿ ಒಂದೇ ಬೇಡಿಕೆ: ಸಿಸ್ಟಿನ ಗೋಡೆಯ ಜೊತೆ ಒಳಪೊರೆಯ ಮೇಲಿನ ಸಣ್ಣ ಕಲೆಗಳನ್ನೂ ಜಾಗದ ಹೆಸರು ಬರೆದು ಬೇರೆ ಬೇರೆ ಡಬ್ಬಿಗಳಲ್ಲಿ ಕಳಿಸಿ, ಚೀಟಿಯಲ್ಲಿ ನೋವು ಎಷ್ಟು ವರ್ಷದಿಂದ ಇದೆ ಎಂದು ಬರೆಯಿರಿ.

ಭಾರತದ ಹೆಣ್ಣುಮಕ್ಕಳ ಮೇಲೆ ಭಾರತದಲ್ಲೇ ಅಧ್ಯಯನ ನಡೆಯಬೇಕು. ಐಸಿಎಂಆರ್‌ನ ಮುಂಬೈ ಸಂಸ್ಥೆಯೊಂದು ಹಲವು ರಾಜ್ಯಗಳ ಆಸ್ಪತ್ರೆಗಳನ್ನು ಜೊತೆಗೂಡಿಸಿ ಈ ರೋಗದ ಲಕ್ಷಣ ಮತ್ತು ವಂಶವಾಹಿಗಳ ಅಧ್ಯಯನ ಕೈಗೊಂಡಿದೆ. ಅದರ ಜೊತೆಗೆ ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಮೇಣದ ಬ್ಲಾಕುಗಳಾಗಿ ಕಪಾಟು ತುಂಬಿರುವ ತುಣುಕುಗಳನ್ನು, ನಿಯಮದಂತೆ ಒಪ್ಪಿಗೆ ಪಡೆದು, ರೋಗನಿರೋಧಕ ಜೀವಕೋಶಗಳ ಸಂಶೋಧನೆಗೆ ಬಳಸಬೇಕು. ಅದಕ್ಕೆ ಹಣ ಕೊಡಬೇಕು.

2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡಲು ಒಪ್ಪಿತು. ನಾನದನ್ನು ಸ್ವಾಗತಿಸಿದ್ದೇನೆ. ಆದರೆ ನೋವು ಶುರುವಾಗುವುದು ಹೈಸ್ಕೂಲಿನಲ್ಲಿ. ಕೆಲಸಕ್ಕೆ ಸೇರಿ ರಜೆ ಪಡೆಯುವ ಹೊತ್ತಿಗೆ ರೋಗಕ್ಕೆ ಎಷ್ಟೋ ವರ್ಷವಾಗಿರುತ್ತದೆ, ನರಗಳು ಬೆಳೆದಿರುತ್ತವೆ. ಶುಚಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರ ಪ್ಯಾಡ್ ಕೊಡುತ್ತದೆ. ಕೊಡುವಾಗ, "ಮುಟ್ಟಿನ ನೋವಿಗೆ ಶಾಲೆ ತಪ್ಪಿಸುತ್ತೀಯಾ?" ಎಂದು ಒಂದು ಪ್ರಶ್ನೆ ಕೇಳಿ, ಹೌದೆಂದವಳನ್ನು ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಗೆ ತೋರಿಸುವ ವ್ಯವಸ್ಥೆಯಾಗಲಿ. ಡೈನೋಜೆಸ್ಟ್ ಮಾತ್ರೆ ಜಿಲ್ಲಾ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಸಿಗಲಿ.

ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟೆ. ಪ್ರತಿ ತಿಂಗಳೂ ಮಗಳು ಪಾಠ ಬಿಟ್ಟು ಮಲಗುವಷ್ಟು ನೋವಿದ್ದರೆ, ಮಾತ್ರೆ ನುಂಗಿದರೂ ತಗ್ಗದಿದ್ದರೆ, ಪುಡಿ ಡಬ್ಬಿಗೆ ಹಾಕುವ ದುಡ್ಡನ್ನು ಬಸ್ಸಿಗೆ ಹಾಕಿ ಸ್ತ್ರೀರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. "ಇದು ಎಂಡೊಮೆಟ್ರಿಯೋಸಿಸ್ ಇರಬಹುದೇ?" ಎಂದು ಹೆಸರು ಹೇಳಿಯೇ ಕೇಳಿ. ಸ್ಕ್ಯಾನಿಂಗಿನಲ್ಲಿ ಏನೂ ಇಲ್ಲವೆಂದು ಬಂದರೂ ನೋವು ಹಾಗೇ ಇದ್ದರೆ ಮತ್ತೊಮ್ಮೆ ಹೋಗಿ, ಬೇಕಿದ್ದರೆ ಇನ್ನೊಬ್ಬ ವೈದ್ಯರಿಗೆ ತೋರಿಸಿ.